ತಾಯಂದಿರು ಹೇಳಿದ್ದು, ನಾ ಬರದದ್ದು

ನಮ್ಮ ಅತ್ತಿಯವರು ತೀರಿಕೊಂಡು ಎರಡು ತಿಂಗಳಾದ್ರೂ ನನಗ ನಸುಕಿನ ನಾಲ್ಕೂವರಿಗೇ ಎಚ್ಚರ ಆಗ್ತಿತ್ತು. ಎಂಟು ವರ್ಷ ಹಾಸಿಗಿ ಹಿಡಿದಿದ್ರು. ಆ ಹೊತ್ತಿಗೆ ಅವರನ್ನ ಮಗ್ಗಲಾ ಬದಲಿಸಿ ಮಲಗಸಬೇಕಿತ್ತು, ಇಲ್ಲಂದ್ರ ಬೆನ್ನು ಹುಣ್ಣಾಗ್ತಿತ್ತು. ಎದ್ದು ಪಡಸಾಲಿಗೆ ಬಂದು ನಿಂತ ಮ್ಯಾಲ ನೆನಪಾಗೋದು, ಹಾಸಿಗಿ ಇಲ್ಲ, ಮಂಚ ಸುದ್ದಾ ಬಿಚ್ಚಿ ಅಟ್ಟಕ್ಕ ಹಾಕೇವಿ ಅಂತ. ಮಗಳು ಲಗ್ನಾಗಿ ಬೆಳಗಾವಿಗೆ ಹೋಗಿದ್ಲು. ಮಗ ಬೆಂಗಳೂರಾಗ. ಮನಿಯವರು ಮುಂಜಾನೆ ಅಂಗಡಿಗೆ ಹೋದ್ರ ರಾತ್ರಿ ಒಂಬತ್ತಕ್ಕ ಬರೋದು. ಇಬ್ಬರಿಗೆ ನಾಲ್ಕು ರೊಟ್ಟಿ ಬಡಿದ್ರ ನನ್ನ ದಿನಾ ಮುಗೀತಿತ್ತು.

ನಿಮಗೆಲ್ಲಾ ಗೊತ್ತಿದ್ದ ಮಾತ. ನೀವ ಬಂದು ಕಟ್ಟಿ ಮ್ಯಾಲ ಕುಂತು, 'ಹೋಗ್ಲಿ ಬಿಡವ್ವಾ, ಇನ್ನರ ನಿನಗ ಆರಾಮ ಆತು' ಅಂತಿದ್ರಿ. ಆರಾಮ ಅನ್ನೋ ಮಾತು ಕೇಳಿದ್ರ ನನಗ ಸಿಟ್ಟು ಬರ್ತಿತ್ತು. ಅವತ್ತ ಹೇಳಿರಲಿಲ್ಲ, ಇವತ್ತ ಹೇಳಾಕ ಹತ್ತೇನಿ, ಬ್ಯಾಸರ ಮಾಡಿಕೊಬ್ಯಾಡ್ರಿ. ಕೈ ಖಾಲಿ ಇರೋದು ಆರಾಮ ಅಲ್ಲ. ಎಂಟು ವರ್ಷ ಒಂದ ಜೀವದ ಸುತ್ತ ತಿರಗಿದಾಕಿಗೆ, ಆ ಜೀವ ಹೋದ ಮ್ಯಾಲ ನಾ ಯಾಕ ಏಳಬೇಕು ಅನ್ನೋದ ತಿಳಿತಿರಲಿಲ್ಲ. ರವಿವಾರದ ಬಲಿಪೂಜಿಗೂ ಹೋಗೋದು ಬಿಟ್ಟಿದ್ದೆ. ಮೂರು ವಾರ ನೋಡಿ ನಾಲ್ಕನೇ ವಾರ ಫಾದರ್ ಮನಿಗೇ ಬಂದ್ರು.

ಅವರು ಬಂದದ್ದು ನನ್ನ ಸಮಾಧಾನ ಮಾಡಾಕ ಅಂತ ತಿಳಿದಿದ್ದೆ. ಚಾ ಕುಡದು, 'ದಸರಾ ರಜಾದಾಗ ಹೈಸ್ಕೂಲ್, ಕಾಲೇಜು ಮಕ್ಕಳ ಧ್ಯಾನಕೂಟ ಐತಿ. ಪ್ರತಿ ವರ್ಷ ನಡಸೋ ಸಿಸ್ಟರಿಗೆ ವರ್ಗಾ ಆಗೇತಿ. ಈ ಸಲ ನೀನ ನಡಸಬೇಕಮ್ಮ' ಅಂದ್ರು. ನಾ ಡಿ.ಎಡ್. ಮಾಡಿದ್ದು ಖರೆ. ಆದ್ರ ಲಗ್ನ ಆದ ಮ್ಯಾಲ ಆ ಸರ್ಟಿಫಿಕೇಟು ಟ್ರಂಕಿನ ತಳದಾಗ ಬಿದ್ದದ್ದು ಬಿದ್ದಂಗ ಐತಿ. 'ನಾ ಒಂದಿನಾನೂ ಸಾಲ್ಯಾಗ ಕಲಿಸಿಲ್ಲ ಫಾದರ್' ಅಂದೆ. 'ಕಲಸಾಕ ಅಲ್ಲ, ಜೊತಿಗಿರಾಕ' ಅಂದು ಎದ್ದು ಹೋದ್ರು. ನಾ ಹೂಂ ಅಂದಿರಲಿಲ್ಲ, ಒಲ್ಲೆ ಅಂತನೂ ಅಂದಿರಲಿಲ್ಲ.

ಧ್ಯಾನಕೂಟ ಅಂದ್ರ ಏನು ಅಂತ ಹಿಂದಿನ ಮನಿ ಕಾಕಿ ಅವತ್ತ ಸಂಜಿಗೇ ಕೇಳಿದ್ರು. ರಿಟ್ರೀಟ್ ಅಂತಾರ್ರಿ ಅಂದೆ, ತಿಳೀಲಿಲ್ಲ. ಶ್ರಾವಣದಾಗ ನೀವು ಮಠಕ್ಕ ಪ್ರವಚನ ಕೇಳಾಕ ಹೋಗತೀರಲ್ಲ, ಹಂಗ. ರಂಜಾನದ ಕಡೀ ಹತ್ತು ದಿನ ಕೆಲವರು ಮಸೂತ್ಯಾಗ ಇತಿಕಾಫ್ ಕುಂದ್ರತಾರಲ್ಲ, ಹಂಗ. ಮನಿ ಬಿಟ್ಟು ಎರಡು ಮೂರು ದಿನ ಒಂದ ಕಡೆ ಇದ್ದು ಪ್ರಾರ್ಥನಾ ಮಾಡೋದು, ಸುಮ್ಮನಿರೋದು, ತನ್ನ ಬದುಕನ್ನ ತಾನ ತಿರುವಿ ನೋಡಿಕೊಳ್ಳೋದು ಅಂತ ಬಿಡಿಸಿ ಹೇಳಿದೆ. 'ಸುಮ್ಮನಿರಾಕ ಮುಂಡಗೋಡ ತನಕ ಹೋಗಬೇಕೇನ?' ಅಂದ್ರು ಕಾಕಿ. ಬಾಳ ದಿವಸದ ಮ್ಯಾಲ ನಾ ನಕ್ಕದ್ದು ಅವತ್ತ.

ಫಾದರ್ ಒಂದು ಹಳೇ ಪುಸ್ತಕ ಕಳಿಸಿಕೊಟ್ಟಿದ್ರು, ಸಂತ ಇಗ್ನೇಷಿಯಸ್ ಲೊಯೋಲಾ ಅವರ ಮ್ಯಾಲ. ಈ ಧ್ಯಾನಕೂಟದ ಪದ್ಧತಿಗೆ ಒಂದು ಕಟ್ಟು ಹಾಕಿಕೊಟ್ಟವರು ಅವರ. ಸ್ಪೇನ್ ದೇಶದವರು, ಮೊದಲ ಸಿಪಾಯಿ. 1521ರಾಗ ಪಾಂಪ್ಲೋನಾ ಅನ್ನೋ ಊರಿನ ಕೋಟಿ ಕಾಯುವಾಗ ತೋಪಿನ ಗುಂಡು ಬಡಿದು ಕಾಲು ಮುರೀತು. ತಿಂಗಳಗಟ್ಟಲೆ ಹಾಸಿಗಿ. ಮಲಗಿ ಮಲಗಿ ಬ್ಯಾಸರಾಗಿ ವೀರರ ಕಥಿ ಪುಸ್ತಕ ಕೊಡ್ರಿ ಅಂದ್ರಂತ. ಮನ್ಯಾಗ ಇದ್ದದ್ದು ಯೇಸುಸ್ವಾಮಿ ಚರಿತ್ರಿ ಮತ್ತ ಸಂತರ ಕಥಿ ಅಷ್ಟ. ಅವನ್ನ ಓದಿ ಓದಿ ಮನಸ್ಸು ತಿರುಗಿತು. ಮರುವರ್ಷ ಮನ್ರೇಸಾ ಅನ್ನೋ ಊರಾಗ ಒಬ್ಬರ ಕುಂತು ಪ್ರಾರ್ಥನಾ ಮಾಡಿದ್ರು, ಅಲ್ಲಿ ಕಂಡುಕೊಂಡದ್ದ ಮುಂದ ಪುಸ್ತಕ ಆತು. ಓದತಿದ್ದಂಗ ನನಗ ಅನಿಸಿದ್ದು, ಇದು ನಮ್ಮ ತಾಲೂಕಿನ ಕಥೀನ ಅಲ್ಲ? ನಮ್ಮ ಬಾಡದ ಕನಕದಾಸರೂ ಡಣಾಯಕರಾಗಿದ್ದವರು, ಯುದ್ಧದಾಗ ಗಾಯ ಆಗಿ ಬಿದ್ದು ಎದ್ದ ಮ್ಯಾಲ ಕತ್ತಿ ಬಿಟ್ಟು ಹರಿಭಕ್ತಿ ಹಿಡಿದ್ರು ಅಂತ ನಮ್ಮ ಹಿರಿಯರು ಹೇಳ್ತಾರಲ್ಲ. ಹೆಚ್ಚು ಕಡಿಮಿ ಅದ ಕಾಲ.

ಆದ್ರ ನನ್ನ ಕಣ್ಣು ಹಿಡದು ನಿಲ್ಲಿಸಿದ್ದು ಬ್ಯಾರೇ ಮಾತು. ಆ ಗಾಯಾಳು ಇಗ್ನೇಷಿಯಸ್‌ನ ಹಾಸಿಗಿ ಹತ್ರ ನಿಂತು ಉಪಚಾರ ಮಾಡಿದಾಕಿ, ಆ ಪುಸ್ತಕ ತಂದು ಕೈಯಾಗ ಇಟ್ಟಾಕಿ, ಅವರ ಅತ್ತಿಗಿ ಮಗ್ದಲೇನಾ ಅಂತಾರ. ಆ ಮನಿ ಸೊಸಿ! ಅಕಿ ಹೆಸರು ಒಂದ ಸಾಲಿನ್ಯಾಗ ಬಂದು ಹೋಗಿತ್ತು. ನಾ ಆ ಸಾಲಿನ ಕೆಳಗ ಪೆನ್ಸಿಲ್ಲಿನಿಂದ ಗೆರಿ ಎಳೆದೆ. ಮರುದಿನ ಫಾದರಿಗೆ ಫೋನ್ ಮಾಡಿ ಆಗಲಿ ಅಂದೆ.

ಮಕ್ಕಳ ಪಟ್ಟಿ ಬಂತು, 42 ಹೆಸರು. ಅದರಾಗ ನಮ್ಮ ಕಥೋಲಿಕರು ಹದಿನಾಲ್ಕ. ಈ ವಿದ್ಯಾರ್ಥಿಗಳ ಸಂಘಕ್ಕ ವೈ.ಸಿ.ಎಸ್. ಅಂತಾರ, ಬ್ಯಾರೇ ಧರ್ಮದ ಮಕ್ಕಳೂ ಕೂಡಿದ್ರ ನಮ್ಮ ದೇಶದಾಗ ವೈ.ಎಸ್.ಎಂ. ಅಂತ ಕರೀತಾರ. ಲಿಂಗಾಯತರು, ಕುರುಬರು, ಮುಸಲ್ಮಾನರು, ಲಂಬಾಣಿ ತಾಂಡಾದ ಮಕ್ಕಳು, ಎಲ್ಲಾರೂ ಇದ್ರು. ಒಬ್ಬರ ಅಪ್ಪ ಬಾಗಲಾಗ ನಿಂತು ಸೀದಾ ಕೇಳಿದ, 'ನಮ್ಮ ಹುಡುಗನ ಜಾತಿ ಕೆಡಸಂಗಿಲ್ಲಲ್ಲ?' ಅಂತ. ಕೇಳಿದ್ದ ಚೊಲೋ ಆತು. 'ನಿಮ್ಮ ಹುಡುಗ ನಿಮ್ಮ ದೇವರ ಹೆಸರಿಲೇನ ಕಣ್ಣು ಮುಚ್ಚಲಿ, ನಾ ನಮ್ಮ ದೇವರ ಹೆಸರಿಲೆ ಮುಚ್ಚತೇನಿ' ಅಂದೆ. ಕಳಿಸಿದ. ಇನ್ನೊಬ್ಬರು ಕಳಿಸಲಿಲ್ಲ. ಅದೂ ಅವರವರ ಖುಷಿ.

ಈಗ ಪತ್ರದ ಮಾತಿಗೆ ಬರ್ತೇನಿ. ಕಡೀ ರಾತ್ರಿ, ಪ್ರಾರ್ಥನಾ ಆದ ಮ್ಯಾಲ, ಪ್ರತಿ ಮಗುವಿಗೂ ಅದರ ಮನಿಯವರು ಬರದ ಒಂದು ಪತ್ರ ಕೊಡಬೇಕು. ಮಕ್ಕಳಿಗೆ ಮೊದಲ ಗೊತ್ತಾಗಬಾರದು. ಇಂಥಾ ಪದ್ಧತಿ ಬಾಳ ಕಡೆ ಐತಿ. ಸಿಸ್ಟರ್ ಹೋಗೋ ಮುಂದ ಮನಿ ಮನಿಗೆ ಚೀಟಿ ಕಳಿಸಿದ್ರು. ನನ್ನ ಕೈಗೆ ಬಂದದ್ದು 11 ಪತ್ರ. ಉಳಿದವು ಯಾಕ ಬರಲಿಲ್ಲ ಅಂತ ವಿಚಾರ ಮಾಡಿದ್ರ, ಉತ್ತರಾ ಸರಳ ಐತಿ: ಬರಿಯಾಕ ಬಂದ್ರ ತಾನ ಬರೀತಾರ. ಚೀಟಿ ಓದಾಕ ಬರಲಾರದ್ದಕ್ಕ ಎಷ್ಟೋ ತಾಯಂದಿರು ಅದನ್ನ ಫೀ ಚೀಟಿ ಅಂತ ತಿಳದು ಮಾಡದಾಗ ಇಟ್ಟಿದ್ರು.

ಹಂಗಾಗಿ ನಾನ ಹೊಂಟೆ. ಒಂದು ಕೈಚೀಲ, ಎರಡು ಪೆನ್ನು, ಒಂದು ನೂರು ಹಾಳಿ ನೋಟಬುಕ್. ಗೋವಿನಜೋಳ ಮುರಿಯೋ ಸುಗ್ಗಿ ಅದು. ಹಗಲು ಯಾರ ಮನ್ಯಾಗೂ ಯಾರೂ ಇರಂಗಿಲ್ಲ. ದೀಪಾ ಹಚ್ಚೋ ಹೊತ್ತಿಗೆ ಹೋಗತಿದ್ದೆ. ಮನಿಯವರು ಎರಡು ದಿನ ನೋಡಿ, 'ಊರ ಮಂದಿ ಪತ್ರ ಬರಕೋಂತ ಹೋದ್ರ ನಮ್ಮ ಮನಿ ಅಡಗಿ ಯಾರು ಮಾಡೋರು?' ಅಂದ್ರು. ಮೂರನೇ ದಿನ ತಾವ ಅನ್ನಕ್ಕ ಇಟ್ಟಿದ್ರು. ಸ್ವಲ್ಪ ಹೊತ್ತಿತ್ತು, ಇರಲಿ.

ಎಲ್ಲಾ ತಾಯಂದಿರೂ ಮೊದಲ ಹೇಳೋದು ಒಂದ ಮಾತು: 'ಏನ್ ಬರಸ್ಲಿ ಅಕ್ಕೋರ, ಚಂದಂಗ ಓದು ಅಂತ ಬರೀರಿ.' ಬರದು ಸುಮ್ಮನ ಕುಂದ್ರತಿದ್ದೆ. ಇದು ನನಗ ಅತ್ತಿಯವರ ಹಾಸಿಗಿ ಹತ್ರ ಬಂದ ವಿದ್ಯಾ. ಮಾತು ಹೊಂಡಲಾರದವರ ಮುಂದ ಅವಸರ ಮಾಡಬಾರದು, ನಾವ ಮಾತು ಹಾಕಿಕೊಡಬಾರದು, ಎದ್ದೂ ಹೋಗಬಾರದು. ಒಬ್ಬಾಕಿ ತಾಯಿ ಹಂಗ ಹಿಟ್ಟು ನಾದಿಕೋಂತ ಬಾಳ ಹೊತ್ತು ಕುಂತ್ಲು. ಕೈ ತುಂಬ ಗೋವಿನಜೋಳದ ರವದಿ ಕೊಯ್ದ ಗೆರಿ. ಆಮ್ಯಾಲ ನನ್ನ ಮಾರಿ ನೋಡದ ಹೇಳಿದ್ಲು: 'ಸಣ್ಣಾಕಿದ್ದಾಗ ಅಕಿನ್ನ ಜೋಳಿಗ್ಯಾಗ ಹಾಕಿ ಹೊಲದ ಬೇವಿನ ಗಿಡಕ್ಕ ಕಟ್ಟತಿದ್ದೆ. ಒಂದಿನ ಗಿಡದ ಬುಡಕ್ಕ ಹಾವು ಕಂಡೆ. ಅವತ್ತಿಂದ ಕೂಸಿನ್ನ ಬೆನ್ನಿಗೆ ಕಟಗೊಂಡ ಕಸಾ ತಗದೇನಿ. ಬೆನ್ನು ನೋವು ಅಂತೀನಲ್ಲ, ಅದು ಅವಾಗಿಂದು. ಅಕಿಗೆ ಎಂದೂ ಹೇಳಿಲ್ಲ. ಬರೀರಿ.'

ಬಂಕಾಪುರದ ಒಬ್ಬ ತಾಯಿ ಅರ್ಧ ಉರ್ದು, ಅರ್ಧ ಕನ್ನಡದಾಗ ಹೇಳಿದ್ಲು. ಬರದದ್ದನ್ನ ಮೂರು ಸಲ ಓದಿಸಿಕೊಂಡ್ಲು. ಮಗಳ ಸಾಲಿ ಬಟ್ಟಿಗೆ ಸಾಲಾ ಮಾಡಿದ ಸಾಲು ಬಂದಾಗ, 'ಅದು ಬ್ಯಾಡ, ತಗೀರಿ, ಹುಡುಗಿ ಉಡೋ ಮುಂದ ನೆನಸ್ತಾಳ' ಅಂದ್ಲು. ಮತ್ತೊಬ್ಬಾಕಿ ಮಗನ ಮೊಬೈಲಿನ ಮ್ಯಾಲಿನ ಸಿಟ್ಟನ್ನೆಲ್ಲಾ ಒಂದೂವರಿ ಪುಟಾ ಬೈದು ಬರಿಸಿದ್ಲು. ನಾನೂ ಒಂದಕ್ಷರ ಬಿಡದಂಗ ಬರದೆ. ಸಹಿ ಹಾಕಿದ ಮ್ಯಾಲ, 'ಅವಗ ಮೊಸರಂದ್ರ ಜೀವ, ಅಲ್ಲೆ ಮೊಸರು ಹಾಕ್ತಾರೇನು ಕೇಳ್ರಿ' ಅಂದ್ಲು. ಅದನ್ನೂ ಕೆಳಗ ಬರದೆ. ಒಬ್ಬ ಅಪ್ಪ ಮಾತ್ರ ಏನೂ ಹೇಳಾಕ ಒಪ್ಪಲಿಲ್ಲ. ನಾ ಎದ್ದು ಹೊಂಟ ಮ್ಯಾಲ ಕರದು, ಮಗಳ ಪೆನ್ನಿನ ಇಂಕು ಹೆಬ್ಬೆರಳಿಗೆ ತಿಕ್ಕಿಕೊಂಡು ಖಾಲಿ ಹಾಳಿ ನಟ್ಟನಡುವ ಒತ್ತಿದ. 'ಇಷ್ಟ ಸಾಕು. ಅವಗ ಗೊತ್ತಾಗ್ತದ' ಅಂದ.

ಹಿಂಗ 41 ಆದ್ವು. ಪಟ್ಟಿಯಾಗ ಕಡೀಕ ಇದ್ದ ಹುಡುಗೀದು ಆಗಲಿಲ್ಲ.

ಹತ್ತನೇತ್ತಾದ ಹುಡುಗಿ. ತಾಯಿ ಇಲ್ಲ. ಅಪ್ಪ ಗೋವಾದಾಗ ಗೌಂಡಿ ಕೆಲಸ, ಹುಡುಗಿ ಹಾಸ್ಟೆಲ್‌ನಾಗ. ನಮ್ಮ ಕಡೆಯಿಂದ ಗೋವಾಕ್ಕ ದುಡಿಯಾಕ ಹೋದವರಿಲ್ಲದ ಓಣಿ ಯಾವುದೈತಿ? ಫೋನ್ ನಂಬರಿಗೆ ನಾಲ್ಕು ದಿನ ಹಚ್ಚಿದೆ, ಸ್ವಿಚ್ ಆಫ್. ಹೊಂಡೋ ಹಿಂದಿನ ರಾತ್ರಿ 41 ಪತ್ರ ಒಂದು ಕಡೆ ಜೋಡಿಸಿಟ್ಟು ನೋಡಿದೆ. 41 ಮಕ್ಕಳು ಪತ್ರ ಬಿಚ್ಚೋವಾಗ ಈ ಒಬ್ಬಾಕಿ ಬರೇ ಕೈಲೆ ಕುಂದ್ರೋದು ನನ್ನ ಕಣ್ಣಿಗೆ ಕಟ್ಟಿತು. ಹನ್ನೊಂದು ಗಂಟಿಗೆ ನಾನ ಕುಂತು ಬರದೆ. ಅಪ್ಪ ಬರದಂಗ. ಎರಡು ಪುಟಾ. ಅಕ್ಷರಾ ಸ್ವಲ್ಪ ವಾಲಿಸಿ, 'ಪ್ರೀತಿಯ ಮಗಳೇ' ಅಂತ ಸುರು ಮಾಡಿ, 'ನಿನ್ನ ಪ್ರೀತಿಯ ತಂದೆ' ಅಂತ ಮುಗಿಸಿದೆ. ಹೇಳಿದ್ರ ನಾಚಿಕಿ ಆಗ್ತೈತಿ, ಬರಿಯೋವಾಗ ನನಗ ಬಾಳ ಹಗುರ ಅನಿಸಿತ್ತು. ಕಣ್ಣೀರೂ ಬಂದಿದ್ವು. ಎಂಥಾ ಪುಣ್ಯದ ಕೆಲಸ ಮಾಡಾಕ ಹತ್ತೇನಿ ಅಂತ.

ಧ್ಯಾನಕೂಟ ಮುಂಡಗೋಡ ಕಡೆ, ರಜಾಕ್ಕ ಖಾಲಿ ಆಗಿದ್ದ ಒಂದು ಹಾಸ್ಟೆಲ್‌ನಾಗ. ಬಸ್ಸಿನ್ಯಾಗ ಹುಡುಗರು ಟಿಬೇಟಿ ಲಾಮಾಗಳನ್ನ ಕಂಡು ಕಿಡಕಿಗೆ ಮುಕ್ಕರಿಸಿದ್ದ ಮುಕ್ಕರಿಸಿದ್ದು. ಆ ಕಾಲೋನಿ ಅಲ್ಲಿ ಆಗಿ 1966ರಿಂದ ಇದ್ರೂ, ನಮ್ಮ ಮಕ್ಕಳಿಗೆ ಇವತ್ತಿಗೂ ಅದೊಂದು ಜಾತ್ರಿ. ಮಧ್ಯಾಹ್ನಕ್ಕ ಬುತ್ತಿ ಬಿಚ್ಚಿದ್ವಿ: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ. ಅಲ್ಲಿಗೆ ಚೊಲೋ ನಡೀತು.

ಊಟಾದ ಮ್ಯಾಲ ನನ್ನ ಭಾಷಣ. 12 ಪುಟಾ ತಯಾರು ಮಾಡಿಕೊಂಡಿದ್ದೆ, ಜೀವನದ ಗುರಿ ಅಂತ ತಲಿಬರಹ. ಮೂರನೇ ಪುಟಕ್ಕ ಹಿಂದಿನ ಸಾಲು ಮಲಗಿತು. ಐದನೇ ಪುಟಕ್ಕ ನಡುವಿನ ಸಾಲು. ಮುಂದಿನ ಸಾಲಿನ ಹುಡುಗೀರು ಮಾತ್ರ ನನ್ನ ಮ್ಯಾಲಿನ ಕನಿಕರಕ್ಕ ಕಣ್ಣು ತಕ್ಕೊಂಡಿದ್ರು. ನನ್ನ ಜೀವನದ ಗುರಿನ ನನಗ ಗೊತ್ತಿರಲಿಲ್ಲ, ಇನ್ನೊಬ್ಬರಿಗೆ ಏನು ಹೇಳಲಿ? ಹಾಳಿ ಮಡಚಿ ಚೀಲದಾಗ ಹಾಕಿದೆ. 'ನನಗೂ ನಿದ್ದಿ ಬರಾಕತ್ತೇತಿ, ಎಲ್ಲಾರೂ ಹೊರಗ ಹೋಗಿ ಒಂದೊಂದು ಗಿಡದ ಬುಡಕ್ಕ ಒಬ್ಬೊಬ್ಬರ ಕುಂದ್ರಿ, ಅರ್ಧ ತಾಸು ಮಾತಾಡಬ್ಯಾಡ್ರಿ' ಅಂದೆ. ಸಾಗವಾನಿ ಗಿಡದ ಕೆಳಗ 42 ಮಕ್ಕಳು. ಮೊದಲ ಹತ್ತು ನಿಮಿಷ ಕಿಸಿಕಿಸಿ. ಆಮ್ಯಾಲ ಒಣಗಿದ ಎಲಿ ಬಿದ್ದ ಸಪ್ಪಳಾನೂ ಕೇಳತಿತ್ತು.

ಸಂಜಿಗೆ ಕುಂತಾಗ ನಾ ಅವರಿಗೆ ಈ ಸಂಘ ಹುಟ್ಟಾಕ ಕಾರಣರಾದವರ ಕಥಿ ಹೇಳಿದೆ. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡೈನ್ ಅಂತ, 1882ರಾಗ ಹುಟ್ಟಿದವರು, ಬಡವರ ಮನಿ ಮಗ. ತಮ್ಮ ವಾರಿಗಿ ಹುಡುಗರೆಲ್ಲಾ ಫ್ಯಾಕ್ಟರಿ ಕೆಲಸಕ್ಕ ಹೋದ್ರು, ಇವರು ಮಾತ್ರ ಓದತೇನಿ, ಗುರು ಆಗತೇನಿ ಅಂದ್ರು. ವಯಸ್ಸಾಗಿದ್ದ ಅಪ್ಪ ಇನ್ನಷ್ಟು ದುಡಿದು ಓದಿಸಿದ. ಸೂಟಿಗೆ ಊರಿಗೆ ಬಂದ್ರ ಹಳೇ ಗೆಳ್ಯಾರು ಇವರನ್ನ ಪರಕೀಯರಂಗ ನೋಡಿದ್ರು. ಮಗ ಗುರು ಆಗೋದನ್ನ ನೋಡಾಕ ಅಪ್ಪ ಉಳೀಲಿಲ್ಲ, 1903ರಾಗ ತೀರಿಕೊಂಡ. ಆ ಅಪ್ಪನ ಹಾಸಿಗಿ ಹತ್ರ ಮಾಡಿದ ಆಣಿ, ದುಡಿಯೋ ಹುಡುಗರ ಸಲುವಾಗಿ ಬಾಳತೇನಿ ಅಂತ. ಮೊದಲ ಕಣ್ಣು ಬಿಟ್ಟು ನೋಡು, ಆಮ್ಯಾಲ ಸರಿ ತಪ್ಪು ತೂಗು, ಕಡೀಕ ಕೈಲಾದದ್ದು ಮಾಡು, ಇದು ಅವರು ಹಾಕಿಕೊಟ್ಟ ದಾರಿ.

ಇದಕ್ಕ ಯಾರೂ ಮಲಗಲಿಲ್ಲ. ಒಬ್ಬ ಹುಡುಗ ಎದ್ದು, 'ನಮ್ಮ ಕ್ಲಾಸಿನ್ಯಾಗಿಂದ ಮೂರು ಮಂದಿ ಗೋವಾಕ್ಕ ಹೋದ್ರು ಅಕ್ಕಾ. ಗಣಪತಿ ಹಬ್ಬಕ್ಕ ಬಂದಿದ್ರು. ಜೀನ್ಸ್ ಹಾಕಿದ್ರು. ನಮ್ಮ ಕೂಡ ಮಾತಾಡಲಿಲ್ಲ' ಅಂದ. ಸ್ವಲ್ಪ ತಡದು, 'ನಾವ ಮಾತಾಡಸಲಿಲ್ಲ' ಅಂತ ತಿದ್ದಿಕೊಂಡ. ಅಲ್ಲಿಂದ ಸುರು ಆದ ಮಾತು ಊಟದ ಗಂಟಿ ಬಾರಿಸಿದ್ರೂ ನಿಲ್ಲಲಿಲ್ಲ. ನಾ ಏನೂ ಕಲಿಸಲಿಲ್ಲ, ಬರೇ ಕುಂತಿದ್ದೆ.

ಎರಡನೇ ರಾತ್ರಿ ಪತ್ರ. ಮೇಣಬತ್ತಿ ಹಚ್ಚಿದ್ವಿ. ಒಬ್ಬ ಹುಡುಗ ನಮ್ಮ ಶಿಶುನಾಳ ಶರೀಫಜ್ಜನ ತತ್ವಪದಾ ಹಾಡಿದ. ಆಮ್ಯಾಲ ಹೆಸರು ಕರದು ಒಂದೊಂದ ಪತ್ರ ಕೈಯಾಗ ಕೊಟ್ಟೆ. ಆ ಹೊತ್ತನ್ನ ನಾ ಬರದು ತೋರಿಸಲಾರೆ. ಹೆಬ್ಬೆಟ್ಟಿನ ಹಾಳಿ ಸಿಕ್ಕ ಹುಡುಗ ಅದನ್ನ ಮೇಣಬತ್ತಿಗೆ ಹಿಡಿದು ಹಿಂದ ಮುಂದ ನೋಡಿ, ತನ್ನ ಹೆಬ್ಬೆರಳು ಅದರ ಮ್ಯಾಲ ಇಟ್ಟು ಅಳತಿ ನೋಡಿಕೊಂಡ. ಮೊಬೈಲಿನ ಬೈಗಳಾ ಓದಿದಾಂವ ಕಡೀ ಸಾಲಿಗೆ ಬಂದು ಗಕ್ಕನ ನಕ್ಕು, ನಗಿಕೋಂತನ ಅತ್ತ. ಬೆನ್ನುನೋವಿನ ತಾಯಿ ಮಗಳು ಅವತ್ತ ರಾತ್ರಿ ಯಾರ ಕೂಡನೂ ಮಾತಾಡಲಿಲ್ಲ.

ಆ ಹುಡುಗಿ ಎರಡೂ ಪುಟಾ ನಿಧಾನ ಓದಿದ್ಲು. ಮಡಚಿದ್ಲು. ನನ್ನ ಕಡೆ ನೋಡಿದ್ಲು. ಅಳಲಿಲ್ಲ. ನನ್ನ ಹೊಟ್ಟ್ಯಾಗ ಅವಾಗ ಏನೋ ಚುಳ್ ಅಂತು.

ಮರುದಿನ ನಸುಕಿನ್ಯಾಗ ನಾ ಅಡಗಿಮನ್ಯಾಗ ಚಪಾತಿ ಹಿಟ್ಟು ನಾದಾಕ ಹತ್ತಿದ್ದೆ. ಹುಡುಗಿ ಬಂದು ಬಾಗಲಾಗ ನಿಂತ್ಲು. 'ಅಕ್ಕಾ, ನಮ್ಮಪ್ಪಗ ಬರಿಯಾಕ ಬರಂಗಿಲ್ಲ' ಅಂದ್ಲು. ನಾ ಆಗಲೇ ಒಪ್ಪಿಕೊಬೇಕಿತ್ತು. 'ಯಾರ ಕಡೆಯಿಂದರ ಬರಿಸಿರ್ತಾನವ್ವಾ' ಅಂದೆ, ಎರಡನೇ ಸುಳ್ಳು. ಅಕಿ ತಲಿ ಅಲ್ಲಾಡಿಸಿದ್ಲು. 'ನಮ್ಮಪ್ಪ ನನಗ ಮಗಳೇ ಅನ್ನಂಗಿಲ್ಲ. ಕೂಸ ಅಂತಾನ. ಮತ್ತ ಈ ಳ ನೀವು ನಿನ್ನೆ ಬೋರ್ಡ್ ಮ್ಯಾಲ ಬರದದ್ದ ಳ ಐತಿ.'

ಕೈ ಹಿಟ್ಟಾಗ ಇದ್ದಂಗ ನಿಂತೆ. ತಪ್ಪಾತವ್ವಾ ಅಂದೆ. ನಾಲ್ಕು ದಿನ ಫೋನ್ ಹಚ್ಚಿದ್ದು, ಹತ್ತಲಾರದ್ದು, ನಿನಗೊಬ್ಬಾಕಿಗೆ ಇಲ್ಲಂತಾಗಬಾರದು ಅಂತ ಬರದದ್ದು, ಎಲ್ಲಾ ಹೇಳಿದೆ. ಪತ್ರ ಹರದು ಒಲಿಗೆ ಹಾಕತಾಳ ಅಂತ ಮಾಡಿದ್ದೆ. ಅಕಿ ಪತ್ರ ಬಿಚ್ಚಿ ನನ್ನ ಮುಂದ ಹಿಡಿದು, ಕಿಸೆದಾಗಿನ ಪೆನ್ನು ತಗದು ಕೊಟ್ಲು. 'ಹಂಗಾದ್ರ ನಿಮ್ಮ ಹೆಸರು ಹಾಕ್ರಿ' ಅಂದ್ಲು.

ಹಿಟ್ಟಿನ ಕೈಲೇನ ತಂದೆ ಅನ್ನೋದನ್ನ ಹೊಡದು ಹಾಕಿ ನನ್ನ ಹೆಸರು ಬರಿಯಾಕ ಹೋದೆ. ಆದ್ರ ಮ್ಯಾಲಿನ ಎರಡು ಪುಟದಾಗ ನನ್ನ ಹೆಸರು ಹಾಕೋವಂಥಾ ಒಂದ ಸಾಲೂ ಇರಲಿಲ್ಲ. ನೀ ಹುಟ್ಟಿದ ದಿನ ನೆನಪೈತಿ ಅಂತ ಬರದಿದ್ದೆ, ನನಗೆಲ್ಲಿ ನೆನಪು? ದಿನಾ ನಿನ್ನ ನೆನಸ್ತೇನಿ ಅಂತ ಬರದಿದ್ದೆ. ಅಕಿನ್ನ ನಾ ನೋಡಿ ಎರಡು ದಿನ ಆಗಿತ್ತು. 'ಇದು ಬ್ಯಾಡ, ಸಂಜೀತನಕ ಟೈಮ್ ಕೊಡು, ಬ್ಯಾರೇ ಬರೀತೇನಿ' ಅಂದೆ. ಅಪ್ಪನ ವೇಷದಾಗ ಎರಡು ಪುಟಾ ಸರಸರ ಬರದಾಕಿಗೆ, ನನ್ನ ಹೆಸರಿಲೆ ಬರಿಯೋವಾಗ ಮಧ್ಯಾಹ್ನ ಪೂರ್ತಿ ಹಿಡೀತು. ಆರು ಸಾಲು ಆತು. ನಿನ್ನ ಹೆಸರು ನನ್ನ ಪಟ್ಟಿಯಾಗ ಕಡೀಕ ಇತ್ತು, ಅದಕ್ಕ ನಿನ್ನ ಕೆಲಸ ನಾ ಕಡೀಕ ಮಾಡಿದೆ, ಮೊದಲ ಮಾಡಬೇಕಿತ್ತು ಅಂತ ಒಂದು ಸಾಲು. ನನ್ನ ಮನ್ಯಾಗ ಎಂಟು ವರ್ಷ ಒಬ್ಬರನ್ನ ನೋಡಿಕೊಂಡೆ, ಈಗ ಅವರಿಲ್ಲ, ನಸುಕಿನ್ಯಾಗ ಸುಮ್ಮನ ಎದ್ದು ಕುಂದ್ರತೇನಿ ಅಂತ ಒಂದು. ನಿನ್ನ ಅಪ್ಪನ್ನ ಹುಡಕತೇನಿ ಅಂತ ಕಡೀ ಸಾಲು. ಅಕಿ ಓದಿ, ಮಡಚಿ, ಹಳೇ ಪತ್ರ ನನಗ ವಾಪಸ್ ಕೊಟ್ಟು, ಇದನ್ನ ಇಟಗೊಂಡ್ಲು.

ಊರಿಗೆ ಬಂದ ಮ್ಯಾಲ ಹುಡಕಾಟ. ಮಾತು ಕೊಟ್ಟಿದ್ನಲ್ಲ. ಆ ಹುಡುಗಿ ಊರಿಗೆ ಹೋಗಿ, ಅಲ್ಲಿಂದ ಆಳು ಕರಕೊಂಡು ಹೋಗೋ ಮೇಸ್ತ್ರಿ ಮನಿ ಕೇಳಿ, ಮೇಸ್ತ್ರಿ ಹೆಂಡತಿ ಕಡೆಯಿಂದ ನಂಬರ್ ಇಸಕೊಂಡು, ಅವನ ಜೋಡಿ ಕೆಲಸ ಮಾಡೋ ಇನ್ನೊಬ್ಬನ ಫೋನಿಗೆ ಹಚ್ಚಿದೆ. ಒಂಬತ್ತು ದಿನ ಹಿಡೀತು. ಕಡೀಕ ಸಿಕ್ಕ. ಫೋನು ನೀರಾಗ ಬಿದ್ದು ಕೆಟ್ಟಿತ್ತಂತ, ಹೊಸಾದು ತಗೊಳ್ಳಾಕ ಪಗಾರ ಆಗಿರಲಿಲ್ಲಂತ. ನಾ ಯಾರು, ಯಾಕ ಅಂತ ಹೇಳೋದ್ರಾಗ ಸಾಕಾತು. ಆಮ್ಯಾಲ, 'ಮಗಳಿಗೆ ಏನರ ಹೇಳ್ರಿ, ನಾ ಬರಕೊಂಡು ಕೊಡತೇನಿ' ಅಂದೆ.

ಬಾಳ ಹೊತ್ತು ಏನೂ ಕೇಳಸಲಿಲ್ಲ. ಹಿಂದ ಸಿಮೆಂಟ್ ಮಷೀನಿನ ಸಪ್ಪಳಾ. ನಾನೂ ಸುಮ್ಮನ ಕಿವಿಗೆ ಹಿಡಕೊಂಡು ನಿಂತೆ. ಆಮ್ಯಾಲ ಅವನು ಕೇಳಿದ, 'ಕೂಸಿನ ಕಾಲು ಈಗ ಎಷ್ಟ ಆಗ್ಯಾವ್ರಿ ಅಕ್ಕಾರ? ಬೂಟ್ ತರಬೇಕಂತ ಮಾಡೀನಿ, ನಂಬರ್ ಗೊತ್ತಿಲ್ಲ.'

ನಾ ಹಾಸ್ಟೆಲಿಗೆ ಹೋಗಿ ಹಂಗ ಹೇಳಿದೆ, ಒಂದ ಅಕ್ಷರ ಕೂಡಸಲಿಲ್ಲ. ಹುಡುಗಿ ಚಪ್ಪಲಿ ಬಿಟ್ಟು ನೋಟಬುಕ್ಕಿನ ಜೋಡಿ ಹಾಳಿ ಮ್ಯಾಲ ಬಲಗಾಲಿಟ್ಲು. ನಾ ಬಗ್ಗಿ ಕುಂತು ಪೆನ್ಸಿಲ್ಲಿನಿಂದ ಸುತ್ತಲೂ ಗೆರಿ ಎಳೆದೆ. 'ಕಚಗುಳಿ ಆಗತೈತಿ ಅಕ್ಕಾ' ಅಂತ ನಕ್ಕಾಗಲೇ ಅಕಿ ಕಣ್ಣಾಗ ನೀರು ಬಂದದ್ದು. ಎಡಗಾಲೂ ತೆಗೀರಿ, ಸ್ವಲ್ಪ ದೊಡ್ಡದೈತಿ ಅಂದ್ಲು. ತಗದೆ. ಆ ಹಾಳಿ ಮೇಸ್ತ್ರಿ ಗಾಡ್ಯಾಗ ಗೋವಾಕ್ಕ ಹೋತು. ದೀಪಾವಳಿಗೆ ಬೂಟ್ ಬಂದ್ವು, ಅಪ್ಪನೂ ಬಂದ. ಹುಡುಗಿ ಬೆಳೀತಾಳಂತ ಒಂದು ನಂಬರ್ ದೊಡ್ಡದ ತಂದಿದ್ದ. ಹತ್ತನೇತ್ತಾ ಮುಗಿಯೋತನಕ ಮುಂದ ಅರಳಿ ತುರುಕಿಕೊಂಡು ಹಾಕ್ಯಾಳ.

ಅಕಿ ಈಗ ಹುಬ್ಬಳ್ಳ್ಯಾಗ ಕೆಲಸಕ್ಕಿದ್ದಾಳ. ಇದನ್ನ ಬರೀಲೇನು ಅಂತ ಫೋನ್ ಮಾಡಿ ಕೇಳಿದ್ದೆ. 'ಹೆಸರು ಬ್ಯಾಡ, ಬೂಟಿಂದು ಬರೀರಿ' ಅಂದ್ಲು. ಆ ಎರಡು ಪುಟದ ಸುಳ್ಳು ಪತ್ರ ನನ್ನ ಟ್ರಂಕಿನ್ಯಾಗ ಡಿ.ಎಡ್. ಸರ್ಟಿಫಿಕೇಟಿನ ಮ್ಯಾಲ ಐತಿ. ಪಾಪನಿವೇದನೆಯಾಗ ಹೇಳಿ ಮುಗಿಸೇನಿ, ಆದ್ರೂ ಹರದು ಹಾಕಿಲ್ಲ.

ಕೊರೋನಾದ ಎರಡು ವರ್ಷ ಬಿಟ್ರ ಆ ಮ್ಯಾಲ ಪ್ರತಿ ದಸರಾಕ್ಕ ನಾನ ಹೋಗೇನಿ. ಭಾಷಣ ಮಾಡಂಗಿಲ್ಲ. ನಸುಕಿನ ನಾಲ್ಕೂವರಿಗೆ ಈಗಲೂ ಎಚ್ಚರ ಆಗ್ತೈತಿ. ಎದ್ದು ಮಕ್ಕಳ ಪಟ್ಟಿ ತಗೊಂಡು ಒಂದೊಂದ ಹೆಸರಿಗೆ ಒಂದೊಂದ ಮಣಿ ಅಂತ ಜಪಮಾಲಿ ಎಣಸ್ತೇನಿ. ನಮ್ಮ ಮಗಳು ಒಂದ ಸಲ ಬೆಳಗಾವಿಯಿಂದ ಫೋನ್ ಮಾಡಿ, 'ಊರ ಮಕ್ಕಳಿಗೆಲ್ಲಾ ಬರೀತಿ, ನನಗ ಯಾವಾಗ ಬರೀತಿಯವ್ವಾ?' ಅಂದ್ಲು. ಬರದೆ. ಏನು ಬರದೆ ಅಂತ ನಿಮಗ ಹೇಳಂಗಿಲ್ಲ.

ಈ ವರ್ಷದ ಪಟ್ಟಿ ಬಂದೈತಿ, 38 ಹೆಸರು. ಕಡೀ ಹೆಸರಿನಿಂದ ಸುರು ಮಾಡೇನಿ. ಗೋವಿನಜೋಳ ಮುರಿಯೋದು ಹತ್ತೂದ್ರಾಗ ಹತ್ತು ಮನಿಯರ ಮುಗಸಬೇಕು. ಸಂಜಿಗೆ ನಾ ಮನ್ಯಾಗ ಸಿಗಲಿಲ್ಲಂದ್ರ ಕಾಕಿ ಕಡೆ ಕೀಲಿ ಇರ್ತೈತಿ, ಹಾಲಿನ ಪಾಕೀಟು ಒಳಗ ಇಟ್ಟು ಹೋಗ್ರಿ.